ದಾವಣಗೆರೆ ಫೈರ್ ಸ್ಟೇಷನ್‌ನ ಹಳೇ ಕಥೆ: ಹತ್ತಿ ಮಿಲ್ ಕಾಲದವರು ಯಾರಾದರೂ ಇದ್ದೀರಾ?

ಮಿಲ್ ಕ್ವಾರ್ಟರ್ಸ್ ಹುಡುಗ:

ಹೋದ ವಾರ ಅಪ್ಪನನ್ನು ಸ್ಕೂಟರಲ್ಲಿ ಕೂರಿಸಿಕೊಂಡು ಪಿ.ಬಿ. ರೋಡಲ್ಲಿ ಬರುತ್ತಿದ್ದೆ. ಹಿಂದಿನಿಂದ ಫೈರ್ ಇಂಜಿನ್ ಸೈರನ್ ಕೇಳಿಸಿತು. ಅಪ್ಪ ಭುಜ ತಟ್ಟಿ ನಿಲ್ಲಿಸು ಅಂದರು. ಇಳಿದು ರಸ್ತೆ ಪಕ್ಕ ನಿಂತು ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು. ಆಮೇಲೆ ಹೇಳಿದ್ದು ಇಷ್ಟೇ. "ಒಂದೇ ಗಾಡಿ ಹೋಯ್ತು. ಹತ್ತಿ ಅಲ್ಲ ಬಿಡು."

ಅಪ್ಪ ಇಪ್ಪತ್ತೆರಡು ವರ್ಷ ಇಲ್ಲಿನ ಒಂದು ಹತ್ತಿ ಮಿಲ್ಲಿನ ಗೋಡೌನಲ್ಲಿ ಕೆಲಸ ಮಾಡಿದವರು. ಮಿಲ್ಲು ಮುಚ್ಚಿ ಎಷ್ಟೋ ಕಾಲ ಆಯಿತು. ಆದರೂ ಸೈರನ್ ಕೇಳಿದರೆ ಅವರಿಗೆ ಮೊದಲು ನೆನಪಾಗೋದು ಹತ್ತಿ. ಅವತ್ತಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಎಲ್ಲರೂ ಹೇಳುತ್ತಾರೆ, ಮಿಲ್ಲು ಕಟ್ಟಿಸಿದವರ ಬಗ್ಗೆ, ಯೂನಿಯನ್ ಬಗ್ಗೆ, ಸ್ಟ್ರೈಕ್ ಬಗ್ಗೆ ಮಾತಾಡುತ್ತಾರೆ. ಅಷ್ಟೊಂದು ಹತ್ತಿ ಇಟ್ಟುಕೊಂಡ ಊರನ್ನ ಬೆಂಕಿಯಿಂದ ಕಾಪಾಡಿದವರ ಬಗ್ಗೆ ಒಬ್ಬರೂ ಮಾತಾಡುವುದಿಲ್ಲ. ಈ ಊರು ಯಾವ ಕೆಲಸ ಮಾಡಿತೋ ಅದರಿಂದಲೇ ಬೆಂಕಿಯೂ ಬಂತು ಅಲ್ವಾ? ಮೊದಲು ಅರಳೆ, ಆಮೇಲೆ ಮಂಡಕ್ಕಿ ಭಟ್ಟಿ, ರೈಸ್ ಮಿಲ್ಲು, ಈಗ ಮೆಕ್ಕೆಜೋಳದ ಸಪ್ಪೆ, ಗ್ಯಾಸ್ ಸಿಲಿಂಡರ್. ಹಾಗಾದರೆ ಅಗ್ನಿಶಾಮಕ ದಳದ ಕಥೆ ಬರೆದರೆ ಅದು ಊರಿನ ಕಥೆಯೇ ಆಗುತ್ತದೆ.

ಅಪ್ಪ ಹೇಳಿದ ಒಂದು ಬೆಂಕಿಯ ವಿಷಯ ಬರೆಯುತ್ತೇನೆ. ಬೇಸಿಗೆ, ಮಧ್ಯಾಹ್ನದ ಪಾಳಿ. ಗೋಡೌನಿನ ಮೂಲೆಯ ಒಂದು ಸಾಲಿನಿಂದ ಸುಟ್ಟ ಬಟ್ಟೆಯಂಥ ವಾಸನೆ ಬಂತು. ಹೊಗೆ ಇಲ್ಲ, ಜ್ವಾಲೆ ಇಲ್ಲ. ಅಪ್ಪ ಒಂದು ಬೇಲಿನ ಮೇಲೆ, ಅಂದರೆ ಒತ್ತಿ ಕಟ್ಟಿದ ಹತ್ತಿ ಮೂಟೆಯ ಮೇಲೆ, ಅಂಗೈ ಇಟ್ಟು ನೋಡಿದರು, ಬೆಚ್ಚಗಿತ್ತು. ಪಕ್ಕದ್ದು ತಣ್ಣಗಿತ್ತು. ಅಷ್ಟರಲ್ಲಿ ಯಾರೋ ಗಾಬರಿಯಲ್ಲಿ ಆ ಕಡೆಯ ದೊಡ್ಡ ಬಾಗಿಲು ತೆಗೆದುಬಿಟ್ಟರು. ಗಾಳಿ ಬಂದದ್ದೇ ತಡ, ನೆಲದ ಮೇಲೆ, ಗೋಡೆ ಮೇಲೆ ಅಂಟಿಕೊಂಡಿದ್ದ ಅರಳೆಯ ಧೂಳಿನ ಮೇಲೆ ಬೆಂಕಿ ಓಡಿತಂತೆ. "ಇಲಿ ಓಡಿದ ಹಾಗೆ ಓಡ್ತು" ಅಂತ ಅಪ್ಪ ಈಗಲೂ ಕೈ ಆಡಿಸಿ ತೋರಿಸುತ್ತಾರೆ.

ಫೈರ್ ಸ್ಟೇಷನ್ನಿನಲ್ಲಿ ಕೆಲಸ ಮಾಡಿದವರು, ಅವರ ಮಕ್ಕಳು, ಯಾರೇ ಇದ್ದರೂ ದಯವಿಟ್ಟು ಬರೆಯಿರಿ. ಗೊತ್ತಿರುವವರೆಲ್ಲ ಎಂಬತ್ತು ದಾಟುತ್ತಿದ್ದಾರೆ.

ವಿದ್ಯಾನಗರ ಲಾಸ್ಟ್ ಬಸ್ ಸ್ಟಾಪ್:

ತುಂಬಾ ಒಳ್ಳೇ ವಿಷಯ ಎತ್ತಿದ್ದೀರಿ. ಇಲಾಖೆಯ ಹಿನ್ನೆಲೆ ನನಗೆ ಸ್ವಲ್ಪ ಗೊತ್ತು, ಪರೀಕ್ಷೆಗೆ ಓದಿದ್ದೆ.

ಹಳೇ ಮೈಸೂರು ರಾಜ್ಯದಲ್ಲಿ ಅಗ್ನಿಶಾಮಕ ಸೇವೆ ಶುರುವಾಗಿದ್ದು 1942ರಲ್ಲಿ, ಬೆಂಗಳೂರಲ್ಲಿ ಎರಡು ಯೂನಿಟ್ ಇಟ್ಟುಕೊಂಡು. ಅದು ಯುದ್ಧದ ಕಾಲ. ಮೊದಲಿಗೆ ಪೊಲೀಸ್ ಇಲಾಖೆಯ ಕೈಕೆಳಗೇ ಇತ್ತು. 1964ರಲ್ಲಿ ಫೈರ್ ಫೋರ್ಸ್ ಕಾಯ್ದೆ ಬಂತು, ಮುಂದಿನ ವರ್ಷ ಪ್ರತ್ಯೇಕ ಇಲಾಖೆ ಆಯಿತು. ಆಗ ನಮ್ಮದು ಇನ್ನೂ ಮೈಸೂರು ರಾಜ್ಯ, ಕರ್ನಾಟಕ ಅಂತ ಹೆಸರಾಗಿದ್ದು 1973ರಲ್ಲಿ. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ನಮ್ಮದೇ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ.

ಇನ್ನೊಂದು ವಿಷಯ. ಪ್ರತಿ ವರ್ಷ ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸಪ್ತಾಹ ಮಾಡುತ್ತಾರೆ, ಶಾಲೆಗಳಿಗೆ ಬಂದು ಸಿಲಿಂಡರ್ ಬೆಂಕಿ ಆರಿಸಿ ತೋರಿಸುತ್ತಾರೆ. ಆ ದಿನ ಯಾಕೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. 1944ರ ಏಪ್ರಿಲ್ 14ರಂದು ಬಾಂಬೆ ಬಂದರಿನ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಅನ್ನೋ ಹಡಗಿಗೆ ಬೆಂಕಿ ಬಿತ್ತು. ಒಳಗೆ ಸುಮಾರು 1,400 ಟನ್ ಸ್ಫೋಟಕ ಇತ್ತು. ಅದೇ ಹಡಗಿನಲ್ಲಿ ಹತ್ತಿ ಬೇಲೂ ಇದ್ದವು, ಕರಾಚಿಯಲ್ಲಿ ತುಂಬಿಸಿದ್ದು. ನೀರು ಹೊಡೆಯುತ್ತಾ ನಿಂತಿದ್ದ ಫೈರ್‌ಮನ್‌ಗಳ ಕಣ್ಣೆದುರೇ ಹಡಗು ಸಿಡಿಯಿತು. 66 ಫೈರ್‌ಮನ್‌ಗಳು ಸತ್ತರು. ಈ ದೇಶದಲ್ಲಿ ಫೈರ್‌ಮನ್‌ಗಳಿಗಾಗಿ ಇಟ್ಟಿರುವ ಒಂದು ದಿನದ ಹಿಂದೆಯೂ ಹತ್ತಿ ಇದೆ ನೋಡಿ. ನಿಮ್ಮ ಅಪ್ಪನವರಿಗೆ ಇದನ್ನು ಹೇಳಿ.

ನಿವೃತ್ತ ಫೈರ್‌ಮನ್:

ನಮಸ್ಕಾರ. ಮೊಮ್ಮಗಳು ಇದನ್ನ ಓದಿ ತೋರಿಸಿದಳು. ನಾನು ಹೇಳುತ್ತಾ ಹೋಗುತ್ತೇನೆ, ಅವಳು ಟೈಪ್ ಮಾಡುತ್ತಾಳೆ. ನಾನು ಫೈರ್‌ಮನ್ ಆಗಿ ಸೇರಿ, ಪ್ರಮುಖ ಅಗ್ನಿಶಾಮಕ ಆಗಿ ನಿವೃತ್ತಿ ಆದವನು. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಡ್ಯೂಟಿ ಮಾಡಿದ್ದೇನೆ.

ಮಿಲ್ ಹುಡುಗ ಬರೆದದ್ದು ಅಕ್ಷರಶಃ ನಿಜ. ಹತ್ತಿ ಬೆಂಕಿ ಅಂದರೆ ನಮಗೆ ಎರಡು ಮೂರು ದಿನದ ಕೆಲಸ. ಪ್ರೆಸ್ ಮಾಡಿದ ಒಂದು ಬೇಲು 170 ಕೆ.ಜಿ. ತೂಗುತ್ತದೆ, ಕಲ್ಲಿನ ಹಾಗೆ ಗಟ್ಟಿ. ಮೇಲೆ ಎಷ್ಟು ನೀರು ಹೊಡೆದರೂ ಜಾರಿ ಕೆಳಗೆ ಹೋಗುತ್ತದೆ. ಮೇಲ್ಮೈ ಕಪ್ಪಾಗಿ, ಒದ್ದೆಯಾಗಿ, ಆರಿದ ಹಾಗೆ ಕಾಣುತ್ತದೆ. ಒಳಗೆ ಗೇಣುದ್ದ ಆಳದಲ್ಲಿ ಕೆಂಡ ಹಾಗೇ ಇರುತ್ತದೆ. ಬೆಳಗಿನ ಜಾವ ಮತ್ತೆ ಹೊತ್ತಿಕೊಳ್ಳುತ್ತದೆ. ನಾನು ಹೊಸಬನಾಗಿದ್ದಾಗ ಹೀಗೇ ಆಯಿತು. ಆರಿತು ಅಂತ ಹೋಸ್ ಸುತ್ತಿಕೊಂಡು ಬಂದಿದ್ದೆವು. ಸ್ಟೇಷನ್ನಿಗೆ ಬಂದು ಟೀ ಕುಡಿಯುವಷ್ಟರಲ್ಲಿ ಮತ್ತೆ ಕಾಲ್, ಅದೇ ಗೋಡೌನು.

ಆಮೇಲೆ ನಮಗೆ ಕಲಿಸಿಕೊಟ್ಟವರು ಮಿಲ್ ಕೆಲಸಗಾರರೇ. ಬೇಲನ್ನ ಹೊರಗೆ ಎಳೆಯಬೇಕು. ಕಬ್ಬಿಣದ ಪಟ್ಟಿ ಕತ್ತರಿಸಬೇಕು. ಪದರ ಪದರ ಬಿಡಿಸಿ, ಒಂದೊಂದು ಪದರಕ್ಕೂ ನೀರು ಕುಡಿಸಬೇಕು. ಎಳೆಯೋದಕ್ಕೆ ಅವರ ಹತ್ತಿರ ಮರದ ಹಿಡಿಯ ಕಬ್ಬಿಣದ ಕೊಕ್ಕೆ ಇರುತ್ತಿತ್ತು. ಅದನ್ನ ಹತ್ತಿ ಬೇಲ್‌ಗೆ ಎಲ್ಲಿ ಚುಚ್ಚಬೇಕು, ಎಷ್ಟು ಓರೆಯಾಗಿ ಎಳೆಯಬೇಕು, ಅದೇ ಒಂದು ವಿದ್ಯೆ. ನಾವು ಕೈಯಲ್ಲಿ ತಬ್ಬಿ ಎಳೆಯಲು ಹೋಗಿ ಬೆರಳು ಸುಟ್ಟುಕೊಂಡವರು. ಕೊನೆಗೆ ನಮ್ಮ ಗಾಡಿಯಲ್ಲೂ ಎರಡು ಕೊಕ್ಕೆ ಇಟ್ಟುಕೊಳ್ಳಲು ಶುರು ಮಾಡಿದೆವು. ಯಾವ ಟ್ರೈನಿಂಗಲ್ಲೂ ಅದನ್ನ ಹೇಳಿಕೊಟ್ಟಿರಲಿಲ್ಲ.

ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಫ್ಯಾಕ್ಟರಿ ಬೆಂಕಿ ಬೇರೆ ಥರ. ರೈತರು ತಂದ ಹತ್ತಿಯಲ್ಲಿ ಒಂದು ಸಣ್ಣ ಕಲ್ಲೋ, ಮೊಳೆಯೋ ಸೇರಿರುತ್ತದೆ. ಅದು ಮೆಷಿನ್ನಿನ ಹಲ್ಲಿಗೆ ತಾಗಿದರೆ ಕಿಡಿ. ಒಂದು ಕಿಡಿ ಸಾಕು.

ದಣಿವಾಯಿತು, ನಾಳೆ ಮತ್ತೆ ಬರೆಸುತ್ತೇನೆ.

ಭಟ್ಟಿ ಮನೆ:

ನಮ್ಮದು ಮಂಡಕ್ಕಿ ಭಟ್ಟಿ ಕುಟುಂಬ. ಬೇರೆ ಊರಿನವರು ಬೆಣ್ಣೆ ದೋಸೆ ತಿಂದು, ಮಿರ್ಚಿ ಮಂಡಕ್ಕಿ ತಿಂದು ಹೋಗುತ್ತಾರೆ. ಆ ಮಂಡಕ್ಕಿ ಹೇಗೆ ಆಗುತ್ತದೆ ಅಂತ ನೋಡಿದವರು ಕಡಿಮೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಕೊನೆಗೆ ಕಾದ ಮರಳಲ್ಲಿ ಹುರಿಯಬೇಕು. ಉರುವಲು ಭತ್ತದ ಹೊಟ್ಟು. ಅಂದರೆ ಒಂದು ಗೋಡೆ ಆಚೆ ಕೆಂಡ, ಈಚೆ ಹೊಟ್ಟಿನ ರಾಶಿ. ನಮ್ಮ ಕೇರಿಯಲ್ಲಿ ಮನೆಗೂ ಭಟ್ಟಿಗೂ ಅಂತರವೇ ಇಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಭಟ್ಟಿಯ ಹೊಟ್ಟಿಗೆ ಬೆಂಕಿ ಹಿಡಿಯಿತು. ಫೈರ್ ಇಂಜಿನ್ ಗಲ್ಲಿ ಬಾಯಿಗೆ ಬಂದು ನಿಂತುಬಿಟ್ಟಿತು, ಒಳಗೆ ಬರಲು ಜಾಗ ಇಲ್ಲ. ಅವರು ಹೋಸ್ ಬಿಚ್ಚಿ ಓಡಿ ಬಂದರು. ಒಂದಕ್ಕೊಂದು ಸೇರಿಸುವಾಗ ಟಕ್ ಅಂತ ಶಬ್ದ. ಆ ಶಬ್ದ ನನಗೆ ಇವತ್ತಿಗೂ ಕಿವಿಯಲ್ಲಿದೆ. ಖಾಲಿ ಪಟ್ಟಿಯ ಹಾಗೆ ನೆಲದ ಮೇಲೆ ಬಿದ್ದಿದ್ದ ಹೋಸು ಒಮ್ಮೆಲೇ ಉಬ್ಬಿ ನಮ್ಮ ಮನೆ ಹೊಸ್ತಿಲ ಮುಂದೆ ಹಾವಿನ ಹಾಗೆ ಹೊರಳಿತು. ಅಮ್ಮ ನಮ್ಮನ್ನೆಲ್ಲ ಹಿಂದಕ್ಕೆ ಎಳೆದುಕೊಂಡರು. ನಮ್ಮ ಗೋಡೆ ಉಳಿಯಿತು. ಅವತ್ತು ಬಂದವರಿಗೆ ಅಮ್ಮ ಕೊಡದ ತುಂಬಾ ಮಜ್ಜಿಗೆ ಮಾಡಿ ಕೊಟ್ಟಿದ್ದರು. ಅವರ ಹೆಸರು ನಮಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಈಗ ಕೇಳಬೇಕಿತ್ತು ಅನಿಸುತ್ತದೆ.

ಜಗಳೂರು ಕಡೆಯವನು:

ನಾನು ಸಿಟ್ಟಲ್ಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಳ್ಳಿಯಲ್ಲಿ ಬಣವೆಗೆ ಬೆಂಕಿ ಬಿದ್ದರೆ ಗಾಡಿ ಬರುವಷ್ಟರಲ್ಲಿ ಬೂದಿಯೇ ಉಳಿದಿರುತ್ತದೆ. ನಮ್ಮದು ನಾಲ್ಕು ಎಕರೆಯ ಮೆಕ್ಕೆಜೋಳದ ಸಪ್ಪೆ, ಶೇಂಗಾ ಹೊಟ್ಟು, ವರ್ಷಪೂರ್ತಿ ದನಕ್ಕೆ ಅಂತ ಒಟ್ಟಿದ್ದು. ಫೋನ್ ಮಾಡಿ ಮುಕ್ಕಾಲು ಗಂಟೆ ಆದ ಮೇಲೆ ಗಾಡಿ ಬಂತು. ಬಂದವರು ಹತ್ತು ನಿಮಿಷ ನೀರು ಹೊಡೆದರು, ನೀರು ಖಾಲಿ ಅಂದರು. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದು ಇನ್ನೂ ಕಣ್ಣಲ್ಲಿದೆ. ಇತಿಹಾಸ ಬರೆಯಿರಿ, ಇದನ್ನೂ ಬರೆಯಿರಿ.

ನಿವೃತ್ತ ಫೈರ್‌ಮನ್:

ತಮ್ಮಾ, ನಿಮ್ಮ ಸಿಟ್ಟು ಸರಿ ಇದೆ. ಬಣವೆ ಮುಂದೆ ಕೂತ ರೈತನ ಮುಖ ನೋಡೋದಕ್ಕೆ ನಮಗೂ ಆಗುತ್ತಿರಲಿಲ್ಲ. ಆದರೆ ನಮ್ಮ ಕಡೆಯದ್ದನ್ನೂ ಹೇಳುತ್ತೇನೆ.

ಒಂದು ಗಾಡಿಯಲ್ಲಿ ಸಾಮಾನ್ಯವಾಗಿ 4,500 ಲೀಟರ್ ನೀರು ಇರುತ್ತದೆ. ಕೇಳೋದಕ್ಕೆ ಜಾಸ್ತಿ ಅನಿಸುತ್ತದೆ. ಹೋಸಿನ ತುದಿಗೆ ಹಾಕುವ ಒಂದು ಬ್ರಾಂಚ್ ಪೈಪಿನಲ್ಲಿ ಹೊಡೆದರೆ ನೀವು ಹೇಳಿದ ಹಾಗೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಪಂಪು ಪೂರ್ತಿ ಬಿಟ್ಟರೆ ನಿಮಿಷಕ್ಕೆ 2,250 ಲೀಟರ್ ಎತ್ತುತ್ತದೆ, ಆಗ ಎರಡೇ ನಿಮಿಷ. ಆಮೇಲೆ ನೀರು ಹುಡುಕಬೇಕು. ಬೇಕೂಂತ ಅರ್ಧಕ್ಕೆ ಬಿಟ್ಟು ಬಂದವರು ನನಗೆ ಗೊತ್ತಿದ್ದ ಹಾಗೆ ಯಾರೂ ಇಲ್ಲ.

ನಾನು ಸೇರಿದ ಕಾಲದಲ್ಲಿ ಇದು ಅಷ್ಟು ಕಷ್ಟ ಇರಲಿಲ್ಲ. ಪ್ರತಿ ಊರಲ್ಲೂ ತೆರೆದ ಬಾವಿ, ಕಟ್ಟೆ, ಕೆರೆ. ಸಕ್ಷನ್ ಪೈಪು ಇಳಿಸಿ, ಪ್ರೈಮಿಂಗ್ ಮಾಡಿ (ಪೈಪಿನ ಗಾಳಿ ಹೊರತೆಗೆದು), ಅಲ್ಲಿಂದಲೇ ನೀರು ಎಳೆಯುತ್ತಿದ್ದೆವು. ಆದರೆ ಎಂಥ ಪಂಪೇ ಆಗಲಿ, ಮೇಲಿಂದ ಏಳು ಮೀಟರಿಗಿಂತ ಕೆಳಗಿನ ನೀರನ್ನ ಎಳೆಯೋದು ಬಹಳ ಕಷ್ಟ. ಅದು ಗಾಳಿಯ ಒತ್ತಡದ ಲೆಕ್ಕ, ಪಂಪಿನ ತಪ್ಪಲ್ಲ. ಬೋರ್‌ವೆಲ್ ಬಂದವು, ಬಾವಿಯ ನೀರು ಕೆಳಗೆ ಹೋಯಿತು, ಆಮೇಲೆ ಬಾವಿಯೇ ಒಣಗಿತು, ಕೊನೆಗೆ ಕಸ ತುಂಬಿ ಮುಚ್ಚಿದರು. ನನ್ನ ಸರ್ವೀಸಿನಲ್ಲಿ ಕಣ್ಣಾರೆ ನೋಡಿದ್ದೇನೆ. ಮೊದಲು ಪೈಪು ಇಳಿಸಿದರೆ ನೀರು ಸಿಗುತ್ತಿದ್ದ ಬಾವಿಗಳಲ್ಲಿ ಆಮೇಲೆ ಬರೀ ಗಾಳಿ ಎಳೆಯುತ್ತಿತ್ತು. ಬೋರಿನ ಎರಡಿಂಚು ನೀರಲ್ಲಿ ಟ್ಯಾಂಕು ತುಂಬಿಸಲು ಕೂತರೆ ಬೆಂಕಿ ಕಾಯುತ್ತದಾ? ಅದಕ್ಕೂ ಕರೆಂಟು ಇರಬೇಕು. ಭದ್ರಾ ನಾಲೆ ಪಕ್ಕದ ಹಳ್ಳಿಗೂ ನಿಮ್ಮ ಕಡೆಯ ಹಳ್ಳಿಗೂ ಇದೇ ವ್ಯತ್ಯಾಸ.

ಇನ್ನು ತಡ ಆಗೋದಕ್ಕೆ ಕಾರಣ. ಸುಗ್ಗಿ ಕಾಲದಲ್ಲಿ ಡಾಂಬರು ರಸ್ತೆ ಮೇಲೇ ಒಕ್ಕಣೆ ಮಾಡುತ್ತೀರಿ. ರಾಗಿ, ಹುರುಳಿ ಎಲ್ಲ ಹರಡಿರುತ್ತೀರಿ. ಹುರುಳಿ ಬಳ್ಳಿ ಗಾಡಿಯ ಅಡಿಗೆ ಸುತ್ತಿಕೊಂಡು, ಬಿಸಿಗೆ ಹೊತ್ತಿಕೊಂಡು ಎಷ್ಟೋ ಕಾರುಗಳು ಉರಿದಿವೆ. ಫೈರ್ ಇಂಜಿನ್ನೇ ಹಾಗೆ ಆಗಬಾರದು ಅಂತ ಡ್ರೈವರ್ ನಿಲ್ಲಿಸಿ, ನಾವು ಇಳಿದು ಬಳ್ಳಿ ಸರಿಸಿ, ಮತ್ತೆ ಹೊರಟು. ಒಂದು ಸಲ ಎಂಟು ಕಿಲೋಮೀಟರಿನಲ್ಲಿ ಐದು ಕಡೆ ಇಳಿದಿದ್ದೇವೆ. ದೂರದಲ್ಲಿ ಹೊಗೆ ಕಾಣುತ್ತಿರುತ್ತದೆ, ಕೈಯಲ್ಲಿ ಹುರುಳಿ ಬಳ್ಳಿ. ಆ ಸಂಕಟ ಹೇಳೋದಕ್ಕಾಗಲ್ಲ.

ಬಣವೆ ಒಟ್ಟುವಾಗ ಒಂದೇ ಕಡೆ ಒಟ್ಟಬೇಡಿ, ಎರಡು ಮೂರು ಭಾಗ ಮಾಡಿ ನಡುವೆ ಜಾಗ ಬಿಡಿ. ಕರೆಂಟ್ ತಂತಿಯ ಕೆಳಗೆ ಬೇಡವೇ ಬೇಡ. ಹಸಿ ಇದ್ದಾಗ ಒಟ್ಟಿದರೆ ಒಳಗೇ ಕಾವು ಹುಟ್ಟುತ್ತದೆ.

ಜಗಳೂರು ಕಡೆಯವನು:

ಯಜಮಾನರೇ, ಬಾವಿ ವಿಷಯ ಹೌದು. ನಮ್ಮ ತೋಟದ ಬಾವಿ ನಾನು ಹುಟ್ಟೋ ಮುಂಚೆ ತುಂಬಿರುತ್ತಿತ್ತಂತೆ, ತಾತ ಅದರಲ್ಲಿ ಈಜು ಕಲಿತದ್ದು. ನಮ್ಮ ಬಣವೆ ತಂತಿ ಕೆಳಗೇ ಇತ್ತು. ಅದನ್ನ ನಾನು ಮೊದಲು ಬರೆಯಲಿಲ್ಲ.

ದುರ್ಗದ ಹುಡುಗಿ:

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನಮ್ಮ ಕಡೆಯ ಬೆಂಕಿ ಬೇರೆ. ನಮ್ಮದು ಕಲ್ಲು, ಗಾಳಿ, ಒಣ ಹುಲ್ಲು. ಫೆಬ್ರವರಿ ಕಳೆದರೆ ಜೋಗಿಮಟ್ಟಿ ಕಾಡಿನ ಕಡೆ ರಾತ್ರಿ ಕೆಂಪು ಗೆರೆ ಕಾಣುತ್ತದೆ. ಅಲ್ಲಿಗೆ ಯಾವ ಗಾಡಿಯೂ ಹತ್ತುವುದಿಲ್ಲ. ಅರಣ್ಯ ಇಲಾಖೆಯವರು ಹಸಿ ಸೊಪ್ಪು ಹಿಡಿದು ಬಡಿದೇ ಆರಿಸುತ್ತಾರೆ. ಬೇಸಿಗೆಗೆ ಮುಂಚೆ ಹುಲ್ಲು ಸವರಿ ಬೆಂಕಿ ರೇಖೆ ಮಾಡುತ್ತಾರೆ. ನನ್ನ ಮಾವ ವಾಚರ್ ಆಗಿದ್ದರು, ಅವರ ಹುಬ್ಬು ಯಾವ ಬೇಸಿಗೆಯಲ್ಲೂ ಪೂರ್ತಿ ಇದ್ದದ್ದು ನಾನು ನೋಡಿಲ್ಲ.

ಕೋಟೆಗೆ ಹೋದವರು ಸಿಡಿಮದ್ದು ಬೀಸುವ ಕಲ್ಲುಗಳನ್ನ ನೋಡಿರುತ್ತೀರಿ, ಆಳದ ಗುಂಡಿಯಲ್ಲಿ ಇವೆ. ಗೈಡುಗಳು ಆನೆ ತಿರುಗಿಸುತ್ತಿತ್ತು ಅಂತ ಹೇಳಿ ಮುಂದೆ ಹೋಗುತ್ತಾರೆ. ನನಗೆ ಯಾವಾಗಲೂ ಅನಿಸೋದು, ಸಿಡಿದರೆ ಮೇಲಿನವರು ಉಳಿಯಲಿ ಅಂತಲೇ ಗುಂಡಿಯಲ್ಲಿ ಇಟ್ಟಿರಬೇಕು. ಬೆಂಕಿಯ ಭಯ ಇದ್ದವರು ಕಟ್ಟಿದ ಜಾಗ ಅದು. ಸುತ್ತ ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ, ಇಷ್ಟು ಒಣ ಊರಲ್ಲಿ ಬೆಟ್ಟದ ಮೇಲೆ ನೀರು ನಿಲ್ಲಿಸಿದ್ದಾರೆ.

ಮತ್ತೆ ಹೈವೇ. 2020ರ ಆಗಸ್ಟಿನಲ್ಲಿ ಹಿರಿಯೂರು ಹತ್ತಿರ ರಾತ್ರಿ ಖಾಸಗಿ ಬಸ್ಸು ಹೊತ್ತಿ ಐದು ಜನ ಸತ್ತರು. ಹಳೇ ಫೈರ್ ಸ್ಟೇಷನ್ನುಗಳು ಪೇಟೆ, ಮಿಲ್ಲು ಕಾಯಲು ಹುಟ್ಟಿದವು. ಈಗ ಅವೇ ರಸ್ತೆಯನ್ನೂ ಕಾಯಬೇಕಾಗಿದೆ.

ವಿದ್ಯಾನಗರ ಲಾಸ್ಟ್ ಬಸ್ ಸ್ಟಾಪ್:

ಯಜಮಾನರಿಗೆ ಒಂದು ಪ್ರಶ್ನೆ. ದುರ್ಗಾಂಬಿಕಾ ಜಾತ್ರೆಯಲ್ಲಿ ನಾಟಕ ಕಂಪನಿ ಟೆಂಟುಗಳ ಪಕ್ಕ ಗಾಡಿ ನಿಲ್ಲಿಸಿಕೊಂಡು ಇರುತ್ತಿದ್ದರಲ್ಲ, ಅದು ಮೊದಲಿಂದಲೂ ಇತ್ತಾ?

ನಿವೃತ್ತ ಫೈರ್‌ಮನ್:

ಜಾತ್ರೆ ಡ್ಯೂಟಿ ಇತ್ತು. ಆದರೆ 1981ಕ್ಕೆ ಮುಂಚೆ ಟೆಂಟ್ ಬಗ್ಗೆ ಅಷ್ಟು ಭಯ ಇರಲಿಲ್ಲ. ಆ ವರ್ಷ ಫೆಬ್ರವರಿ 7ಕ್ಕೆ ಬೆಂಗಳೂರಲ್ಲಿ ವೀನಸ್ ಸರ್ಕಸ್ ಟೆಂಟಿಗೆ ಬೆಂಕಿ ಬಿದ್ದು 92 ಜನ ಸತ್ತರು. ಹೆಚ್ಚಿನವರು ಮಕ್ಕಳು, ಶಾಲೆಯಿಂದ ಕರೆದುಕೊಂಡು ಬಂದಿದ್ದವರು. ಆಮೇಲೆ ಯಾವ ಟೆಂಟಿಗೆ ಹೋದರೂ ನಾನು ಮೊದಲು ಎಣಿಸುತ್ತಿದ್ದದ್ದು ಬಾಗಿಲು. ಈಗ ಮದುವೆ ಛತ್ರಕ್ಕೆ ಹೋದರೂ ಎಣಿಸುತ್ತೇನೆ. ಮನೆಯವಳು ಬೈಯುತ್ತಾಳೆ.

ನಿನ್ನೆ ಬಿಟ್ಟದ್ದನ್ನ ಹೇಳಿ ಮುಗಿಸುತ್ತೇನೆ. ಆಗಿನ ಹೋಸು ಕ್ಯಾನ್ವಾಸಿನದು. ಒಂದೊಂದು 15 ಮೀಟರ್. ಬೆಂಕಿ ಆರಿಸಿ ಬಂದ ಮೇಲೆ ಮಲಗುವ ಹಾಗಿಲ್ಲ. ಎಲ್ಲವನ್ನೂ ಬಿಚ್ಚಿ, ತೊಳೆದು, ಮಸಿ ಉಜ್ಜಿ, ಎತ್ತರದಿಂದ ನೇತು ಹಾಕಿ ಒಣಗಿಸಬೇಕು. ಒದ್ದೆ ಸುತ್ತಿಟ್ಟರೆ ಬೂಷ್ಟು ಹಿಡಿದು ಮುಂದಿನ ಬೆಂಕಿಯ ಕರೆಯಲ್ಲಿ ಒಡೆಯುತ್ತದೆ. ನೀರು ಕುಡಿದ ಕ್ಯಾನ್ವಾಸು ಹೆಣಭಾರ. ನಡುರಾತ್ರಿ ಬಂದು, ಬೆಳಗಿನ ರೋಲ್ ಕಾಲ್ ಒಳಗೆ ಅಷ್ಟೂ ಹೋಸು ನೇತು ಹಾಕಿರುತ್ತಿದ್ದೆವು. ಬೆಳಗ್ಗೆ ಹಾಲು ತರಲು ಹೋಗುವವರು ಅದನ್ನ ನೋಡಿಯೇ ರಾತ್ರಿ ಎಲ್ಲೋ ದೊಡ್ಡ ಬೆಂಕಿ ಬಿದ್ದಿದೆ ಅಂತ ತಿಳಿದುಕೊಳ್ಳುತ್ತಿದ್ದರು. ಎಷ್ಟು ಹೋಸು ಅಂತ ಎಣಿಸಿದರೆ ಎಷ್ಟು ದೊಡ್ಡದು ಅಂತಲೂ ಗೊತ್ತಾಗುತ್ತಿತ್ತು.

ಭಟ್ಟಿ ಮನೆಯ ತಾಯಿಗೆ ನಮಸ್ಕಾರ ಹೇಳಿ. ಮಜ್ಜಿಗೆ ಕುಡಿದವರಲ್ಲಿ ನಾನಿದ್ದೆನೋ ಇಲ್ಲವೋ, ಆ ಕೇರಿಯಲ್ಲಿ ಎಷ್ಟೋ ಸಲ ಕುಡಿದಿದ್ದೇನೆ.

ಮಿಲ್ ಕ್ವಾರ್ಟರ್ಸ್ ಹುಡುಗ:

ಇಷ್ಟೂ ನಿನ್ನೆ ರಾತ್ರಿ ಅಪ್ಪನಿಗೆ ಓದಿ ಹೇಳಿದೆ. ಕೊಕ್ಕೆ ವಿಷಯ ಬಂದಾಗ ಸಾಕು ನಿಲ್ಲಿಸು ಅಂದರು. ಎದ್ದು ಹೋಗಿ ಏಣಿ ಹಾಕು ಅಂದರು. ಅಟ್ಟದ ಮೇಲೆ ಹಳೇ ಟ್ರಂಕಿನ ಹಿಂದೆ, ಗೋಣಿ ತುಂಡಿನಲ್ಲಿ ಸುತ್ತಿ ಇಟ್ಟಿದ್ದರು. ಅಮ್ಮನಿಗೂ ಗೊತ್ತಿರಲಿಲ್ಲ. ಗೇಣಿಗಿಂತ ಸ್ವಲ್ಪ ಉದ್ದದ ಕಬ್ಬಿಣ, ತುದಿ ಒಳಗೆ ಬಾಗಿದೆ, ಮರದ ಹಿಡಿ ಕೈ ತಾಗಿ ತಾಗಿ ನುಣ್ಣಗಾಗಿದೆ. ಹಿಡಿಯ ಒಂದು ಬದಿ ಕಪ್ಪಾಗಿದೆ, ಸುಟ್ಟ ಕಪ್ಪು. ಗೋಡೌನ್ ಬೆಂಕಿಯ ದಿನದ್ದು ಅಂದರು.

ಅವತ್ತು ಒಬ್ಬ ಎಳೇ ಹುಡುಗ, ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲವಂತೆ, ಬರಿಗೈಯಲ್ಲಿ ಬೇಲು ತಬ್ಬಿ ಎಳೆಯಲು ಬಂದನಂತೆ. ಅಪ್ಪ ಅವನ ಕಾಲರ್ ಹಿಡಿದು ಹಿಂದಕ್ಕೆ ಎಳೆದು ಈ ಕೊಕ್ಕೆ ಕೈಗೆ ಕೊಟ್ಟು ತೋರಿಸಿದರಂತೆ. ಎರಡು ರಾತ್ರಿ ಜೊತೆಗೇ ಕೆಲಸ ಮಾಡಿದರಂತೆ. ಯಜಮಾನರೇ, ನೀವು ಯಾವ ವರ್ಷ ಸೇರಿದ್ದು? ಭಾನುವಾರ ನಿಮ್ಮ ಮನೆಗೆ ಬರಬಹುದಾ? ನೀವು ಹೇಳೋದನ್ನೆಲ್ಲ ಫೋನಲ್ಲಿ ರೆಕಾರ್ಡ್ ಮಾಡಿ ಬರೆದಿಡುತ್ತೇನೆ.

ನಿವೃತ್ತ ಫೈರ್‌ಮನ್:

ನಾನು ಮೊಮ್ಮಗಳು ಬರೆಯುತ್ತಿದ್ದೇನೆ. ತಾತ ಓದಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಬಲಗೈ ಎರಡು ಬೆರಳು ನನಗೆ ತೋರಿಸಿದರು, ತುದಿಯಲ್ಲಿ ಚರ್ಮ ಬೇರೆ ಬಣ್ಣ ಇದೆ. ಮಿಲ್ಲಿನಲ್ಲಿ ಬೈಯುತ್ತಾ ಕಲಿಸಿಕೊಟ್ಟವರು ಒಬ್ಬರಲ್ಲ, ಬಹಳ ಜನ ಇದ್ದರು, ಅವರೇ ಇವರಾ ಅಂತ ಮುಖ ನೋಡದೆ ಹೇಳೋದಕ್ಕಾಗಲ್ಲ ಅಂದರು. ಭಾನುವಾರ ಹತ್ತು ಗಂಟೆಗೆ ಬನ್ನಿ. ತಿಂಡಿ ಇಲ್ಲೇ. ಅಪ್ಪನನ್ನ ಕರೆದುಕೊಂಡು ಬರಬೇಕಂತೆ, ಕೊಕ್ಕೆಯನ್ನೂ ತರಬೇಕಂತೆ.